ಒಂದು ಸಾಲು ಕೆಳಗೆ

ಈಗೀಗ ಯಾರಾದರೂ ಫೋನನ್ನು ನನ್ನ ಮುಖದ ಮುಂದೆ ಹಿಡಿದು, "ಮ್ಯಾಪಿನಲ್ಲೇ ತೋರಿಸ್ತಿದೆಯಲ್ಲ, ಇನ್ನೇನು ಅನುಮಾನ?" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ತೋರಿಸುವುದು ಬೇರೆ, ಇರುವುದು ಬೇರೆ. ಅವೆರಡರ ನಡುವೆ ಒಂದು ಗಂಟು ಇರುತ್ತದೆ. ಅದನ್ನು ಯಾರೋ ಒಬ್ಬರು ಕೂತು ಹಾಕಿರುತ್ತಾರೆ. ಅವರು ಎದ್ದು ಹೋದ ಮೇಲೆ ಇನ್ನೊಬ್ಬರು ಬಂದು ಅದಕ್ಕೆ ಕೈ ಹಾಕಿರಲೂಬಹುದು. ಆ ಗಂಟು ಹಾಕುವ ಕೆಲಸವನ್ನು ನಾನು ತೊಂಬತ್ತರ ದಶಕದಲ್ಲಿ ಸೇಲಂನಲ್ಲಿ ಮಾಡಿದ್ದೇನೆ, ಅದಕ್ಕೇ ಈ ಸಿಟ್ಟು. ವಯಸ್ಸಾಗುತ್ತ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನಗಿನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ.

ನಮ್ಮದು ಮೂರು ತಲೆಮಾರಿನಿಂದ ಸೇಲಂನಲ್ಲಿ ನೆಲೆನಿಂತ ಕನ್ನಡದ ಮನೆ. ಹೊಸಲಿನೊಳಗೆ ಕನ್ನಡ, ಹೊಸಲಿನಾಚೆ ತಮಿಳು, ಆಫೀಸಿನ ಕಾಗದದಲ್ಲಿ ಇಂಗ್ಲಿಷು. ಅಜ್ಜ ಹಟ ಹಿಡಿದು ಕೂರಿಸಿ ಕಲಿಸಿದ್ದರಿಂದ ನನಗೆ ಕನ್ನಡ ಅಕ್ಷರ ಬಂತು. ನನ್ನ ಓರಗೆಯ ಅರ್ಧ ಜನಕ್ಕೆ ಅದೂ ಇಲ್ಲ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ನಮ್ಮ ಜನವೇ ಆದ ಒಬ್ಬರು ಕರೆದು ಕೆಲಸ ಕೊಟ್ಟರು. ಅವರದು ಮೊದಲು ಬ್ಲೂಪ್ರಿಂಟ್ ಅಂಗಡಿ. ಮನೆ ಕಟ್ಟುವವರಿಗೆ ಪ್ಲಾನಿನ ಪ್ರತಿ ತೆಗೆದುಕೊಡುತ್ತಿದ್ದವರು, ಕಾಲ ಬದಲಾಯಿತೆಂದು ಎರಡು ಕಂಪ್ಯೂಟರ್ ತಂದರು, ಕೋಣೆಗೆ ಏಸಿ ಹಾಕಿಸಿದರು, ಚಪ್ಪಲಿ ಹೊರಗೆ ಬಿಡಬೇಕೆಂದು ಬಾಗಿಲಿಗೆ ಬೋರ್ಡು ತೂಗಿಹಾಕಿದರು. ಆಯುಧಪೂಜೆಗೆ ಮಾನಿಟರಿನ ಹಣೆಗೆ ವಿಭೂತಿ, ಕುಂಕುಮ. ಊದುಬತ್ತಿಯ ಬೂದಿ ಕೀಬೋರ್ಡಿನ ಸಂದಿಗೆ ಬಿದ್ದು ಒಂದು ಕೀಲಿ ಕಚ್ಚಿಕೊಂಡದ್ದೂ ಉಂಟು. ಈ ಮಾಲೀಕರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಸಿಟ್ಟನ್ನು ಅವರೊಬ್ಬರ ಮೇಲೆ ಹೊರಿಸಿ ಹಗುರಾಗಬಹುದಿತ್ತು.

ಆ ವರ್ಷ ಅವರಿಗೆ ಸಿಕ್ಕಿದ್ದು ಧರ್ಮಪುರಿ ಜಿಲ್ಲೆಯ ಒಂದು ಭಾಗದ ಶಾಲೆಗಳ ನಕ್ಷೆ. ಐದನೇ ಕ್ಲಾಸಿಗೇ ಮುಗಿದುಹೋಗುವ ಶಾಲೆಗಳಲ್ಲಿ ಕೆಲವನ್ನು ಎಂಟನೇ ಕ್ಲಾಸಿನವರೆಗೆ ಏರಿಸಬೇಕಿತ್ತು. ಯಾವ ಊರಿನದನ್ನು? ಅದುವರೆಗೆ ಯಾರ ಕೈ ಮೇಲಿರುತ್ತಿತ್ತೋ ಅವರ ಊರಿಗೆ ಹೋಗುತ್ತಿತ್ತು. ಈ ಸಲ ಹಾಗಾಗಬಾರದು, ಕಂಪ್ಯೂಟರ್ ಹೇಳಿದ ಊರಿಗೇ ಕೊಡೋಣ ಎಂದು ಒಬ್ಬ ದೊಡ್ಡ ಅಧಿಕಾರಿ ಮನಸ್ಸು ಮಾಡಿದ್ದರು. ಒಳ್ಳೆಯ ಯೋಚನೆಯೇ, ಇಲ್ಲವೆನ್ನುವುದಿಲ್ಲ. ಒಂದು ಊರಿನಿಂದ ಆರನೇ ಕ್ಲಾಸು ಇರುವ ಶಾಲೆ ತುಂಬ ದೂರವಿದ್ದರೆ ಆ ಊರಿನ ಚುಕ್ಕೆ ತೆರೆಯ ಮೇಲೆ ಕೆಂಪು. ಅಷ್ಟೇನೂ ದೂರವಿಲ್ಲದಿದ್ದರೆ ಹಳದಿ. ಹತ್ತಿರವಿದ್ದರೆ ಹಸಿರು. ಕೆಂಪು ಕಂಡ ಕಡೆ ಶಾಲೆ ಏರುತ್ತದೆ. ಇಷ್ಟೇ ಲೆಕ್ಕ.

ಇದರಲ್ಲಿ ನನ್ನ ಪಾಲಿಗೆ ಬಂದ ಕೆಲಸ ಎರಡು. ಮೊದಲನೆಯದು ಊರುಗಳನ್ನು ಕಾಗದದಿಂದ ಕಂಪ್ಯೂಟರಿಗೆ ಇಳಿಸುವುದು. ಊಟದ ಮೇಜಿನಷ್ಟು ಅಗಲದ ಒಂದು ಹಲಗೆ ಇತ್ತು. ಅದರ ಮೇಲೆ ನಕ್ಷೆಯನ್ನು ಟೇಪಿನಲ್ಲಿ ಅಂಟಿಸಿ, ವೈರು ಕಟ್ಟಿದ ಪುಟ್ಟ ಗುಂಡಿಯೊಂದನ್ನು ಊರಿನ ಮೇಲೆ ಸರಿಯಾಗಿ ಇಟ್ಟು ಒತ್ತಿದರೆ ತೆರೆಯ ಮೇಲೆ ಒಂದು ಚುಕ್ಕೆ ಬೀಳುತ್ತಿತ್ತು. ಹೀಗೆ ಸರ್ಕಾರದ ಪಟ್ಟಿಯ ಕ್ರಮದಲ್ಲಿ ಊರುಗಳೆಲ್ಲ ಒಂದಾದ ಮೇಲೊಂದು. ಎರಡನೆಯದು ಕೋಷ್ಟಕ. ಒಂದು ಸಾಲಿಗೆ ಒಂದು ಊರು. ಐದನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಆರನೇ ಕ್ಲಾಸಿಗೆ ಎಷ್ಟು ದೂರ. ಅದೂ ಅದೇ ಕ್ರಮದಲ್ಲಿ.

ಈ ಎರಡನ್ನೂ ಜೋಡಿಸುವುದರಲ್ಲೇ ಇದ್ದದ್ದು ಎಲ್ಲ. ಚುಕ್ಕೆಗೆ ತಾನು ಯಾವ ಊರು ಎಂದು ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಸರದಿ ಮಾತ್ರ. ಮೊದಲನೆಯ ಚುಕ್ಕೆ ಮೊದಲನೆಯ ಸಾಲನ್ನು ನೋಡಿ ಬಣ್ಣ ಹಚ್ಚಿಕೊಳ್ಳುತ್ತದೆ, ಎರಡನೆಯದು ಎರಡನೆಯ ಸಾಲನ್ನು. ಪಂಕ್ತಿಯಲ್ಲಿ ಹಾಸಿದ ಎಲೆಗೆ ತನ್ನ ಮುಂದೆ ಕೂತವರು ಯಾರೆಂದು ತಿಳಿಯುತ್ತದೆಯೇ, ಹಾಗೆ. ನಮ್ಮ ಹತ್ತಿರವಿದ್ದ ಆ ಹಳೆಯ ಸಾಫ್ಟ್‌ವೇರಿಗೆ ಇದ್ದದ್ದು ಅಷ್ಟೇ ಬುದ್ಧಿ. ಊರಿನ ಹೆಸರುಗಳನ್ನು ಮಾತ್ರ ನಾನೇ ಒಂದೊಂದಾಗಿ ಚುಕ್ಕೆಗಳ ಪಕ್ಕ ಕೈಯಾರೆ ಕೂರಿಸಿದ್ದೆ. ಹಾಗಾಗಿ ಹೆಸರು ಕದಲುವಂತಿರಲಿಲ್ಲ, ಬಣ್ಣ ಕದಲಬಹುದಿತ್ತು. ಕೋಷ್ಟಕವನ್ನು ಯಾರೂ ಮುಟ್ಟಬಾರದು, ಸಾಲು ಹಿಂದೆ ಮುಂದೆ ಮಾಡಬಾರದು ಎಂದು ಮಾಲೀಕರಿಗೆ ಹೇಳಿದ್ದೆ. ಬಾಯಲ್ಲಿ ಹೇಳಿದ್ದು ಸಾಲದೆಂದು ಕಾಗದದಲ್ಲಿ ಬರೆದು ಮಾನಿಟರಿನ ಪಕ್ಕ ಅಂಟಿಸಿದ್ದೆ.

"ಸರಿ ಬಿಡಮ್ಮಾ, ಅದನ್ನ ಯಾರ್ ಮುಟ್ತಾರೆ?" ಎಂದಿದ್ದರು.

ಪೆನ್ನಾಗರಂ ಕಡೆಯ ಸಾಲುಗಳನ್ನು ಟೈಪು ಮಾಡುತ್ತಿದ್ದಾಗ ನನ್ನ ಚಿಕ್ಕಮ್ಮನ ಊರು ಬಂತು. ಅಮ್ಮನ ತಂಗಿಯನ್ನು ಕೊಟ್ಟ ಊರು. ಪೆನ್ನಾಗರಂನಲ್ಲಿ ಬಸ್ಸಿಳಿದು, ಇನ್ನೊಂದು ಬಸ್ಸು ಹತ್ತಿ, ಅದು ಇಳಿಸಿದ ಕಡೆಯಿಂದ ನಡೆದು ಹೋಗಬೇಕು. ಗುಡ್ಡದ ಬುಡದಲ್ಲಿ ರಾಗಿ, ಸಾಮೆಯ ಹೊಲಗಳು, ಮನೆಗೊಂದು ಆಡಿನ ಹಟ್ಟಿ, ಎಲ್ಲಿ ನೋಡಿದರೂ ಹುಣಿಸೆ ಮರ. ಊರಿನಲ್ಲಿ ಐದನೇ ಕ್ಲಾಸಿನವರೆಗೆ ಶಾಲೆ ಇತ್ತು. ಆರನೇ ಕ್ಲಾಸಿಗೆ ಹಳ್ಳ ದಾಟಿ, ಕಾಡಿನ ಒಂದು ತುಂಡು ದಾಟಿ ಆಚೆ ಊರಿಗೆ ಹೋಗಬೇಕು. ಗಂಡು ಹುಡುಗರು ಹೋಗುತ್ತಿದ್ದರು, ಅದೂ ಆನೆ ಇಳಿಯದ ತಿಂಗಳುಗಳಲ್ಲಿ. ಹೆಣ್ಣು ಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಐದು ಮುಗಿಯಿತೆಂದರೆ ಅವರ ಓದೂ ಮುಗಿಯಿತು. ಮರುದಿನ ಕೈಗೆ ಕೋಲು ಬರುತ್ತಿತ್ತು, ಆಡಿನ ಹಿಂದೆ ಹೊರಟುಬಿಡುತ್ತಿದ್ದರು.

ಚಿಕ್ಕಮ್ಮನ ಕೊನೆಯ ಮಗಳು, ನನ್ನ ತಂಗಿ, ಆ ವರ್ಷ ಐದನೇ ಕ್ಲಾಸಿನಲ್ಲಿದ್ದಳು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಹುಡುಗಿ. ಬಸ್ಸಿನ ಬೋರ್ಡು, ಬೆಂಕಿಪೊಟ್ಟಣದ ಬೆನ್ನು, ಬೋಂಡ ಕಟ್ಟಿಕೊಟ್ಟ ಪೇಪರು, ಎಣ್ಣೆ ಹೀರಿದ ಅಕ್ಷರವನ್ನೂ ಬಿಡುತ್ತಿರಲಿಲ್ಲ. ಕೋಷ್ಟಕದಲ್ಲಿ ಐದನೇ ಕ್ಲಾಸಿನ ಮಕ್ಕಳ ಸಂಖ್ಯೆ ಟೈಪು ಮಾಡಿದಾಗ ಅದರೊಳಗೆ ಅವಳೂ ಒಬ್ಬಳು ಎಂದು ಗೊತ್ತಿತ್ತು ನನಗೆ. ಮೊದಲ ಸಲ ಎಲ್ಲ ಜೋಡಿಸಿ ನೋಡಿದಾಗ ಅವಳ ಊರು ಕೆಂಪಗೆ ಕಂಡಿತು. ಒಂದು ಊರು ಕೆಂಪಾಗಿದೆಯೆಂದು ಅಷ್ಟು ಖುಷಿಪಟ್ಟವರು ಆ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು.

ಪೊಂಗಲ್‌ಗೆ ಹೋದಾಗ ಚಿಕ್ಕಮ್ಮನಿಗೆ ಹೇಳಿದೆ.

"ಕೆಂಪು ಅಂದ್ರೆ ಒಳ್ಳೇದಾ ಕೆಟ್ಟದ್ದಾ?" ಎಂದು ಕೇಳಿದಳು.

"ಒಳ್ಳೇದೇ ಚಿಕ್ಕಮ್ಮಾ. ಕೆಂಪಿರೋ ಊರಿಗೇ ಸ್ಕೂಲು ಬರೋದು."

"ಅಂಗಾರೆ ಇವಳ ಆರನೇ ಕ್ಲಾಸು ಊರಲ್ಲೇನಾ?"

"ಊರಲ್ಲೇ. ಬರೋ ಜೂನಿಂದ."

ತಂಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹಿತ್ತಲಿಗೆ, ಆಡಿನ ಮರಿಗಳ ಹತ್ತಿರಕ್ಕೆ ಓಡಿದಳು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಮ್ಮ ನಗುತ್ತ ಒಳಗೆ ಬಂದಳು. "ಆಟ್ಟುಕುಟ್ಟಿಗೆಲ್ಲ ಏಳ್ತಾವ್ಳೆ, ಇನ್ಮೇಲೆ ನಿಮ್ಮನ್ನ ಬೇರೆ ಯಾರಾದ್ರೂ ಮೇಯಿಸ್ಕೊಳ್ಲಿ ಅಂತ." ಚಿಕ್ಕಪ್ಪನೂ ನಕ್ಕ. ಬೇಡ ಎನ್ನಲಿಲ್ಲ. ಊರಲ್ಲೇ ಆದರೆ ಓದಲಿ ಎಂದ. ಆ ಒಂದು ಮಾತು ಅವನ ಬಾಯಿಂದ ಬರುವುದೇ ದೊಡ್ಡದಾಗಿತ್ತು.

ಬೇಸಗೆ ಶುರುವಾಗುವ ಹೊತ್ತಿಗೆ ನಕ್ಷೆ ತೋರಿಸುವ ದಿನ ಬಂತು. ಅಧಿಕಾರಿಗಳು ಸೇಲಂಗೆ ಬರುವುದಿಲ್ಲ, ನಾವೇ ಧರ್ಮಪುರಿಗೆ ಕಂಪ್ಯೂಟರ್ ಹೊತ್ತುಕೊಂಡು ಹೋಗಬೇಕು. ಹಿಂದಿನ ಸಂಜೆ ಮಾಲೀಕರು, "ಬೆಳಗಾಗೆದ್ದು ಹೊರಡ್ಬೇಕು, ಓಗಿ ಮಲ್ಕೋ ಓಗಮ್ಮಾ, ಪ್ರಿಂಟೆಲ್ಲ ನಾನ್ ತಗೀತೀನಿ" ಎಂದು ನನ್ನನ್ನು ಬೇಗ ಮನೆಗೆ ಕಳಿಸಿದರು. ಬೆಳಿಗ್ಗೆ ಅಂಬಾಸಿಡರ್ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟೆವು. ಮಾನಿಟರನ್ನು ಕಂಬಳಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟಿದ್ದರು. ತೊಪ್ಪೂರು ಘಾಟಿಯಲ್ಲಿ ಕೆಟ್ಟು ನಿಂತ ಲಾರಿಗಳ ಹಿಂದೆ ಗಂಟೆಗಟ್ಟಲೆ ಕಾದು, ಆ ಕಂಬಳಿಯ ಕಾವಿಗೆ ಬೆವೆತು, ಕಾಲು ಜೋಮು ಹಿಡಿದು, ನಲ್ಲಂಪಳ್ಳಿ ದಾಟುವ ಹೊತ್ತಿಗೆ ನನಗೆ ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ. ಮಾಲೀಕರು ಮುಂದಿನ ಸೀಟಿನಲ್ಲಿ ಸುತ್ತಿದ ನಕ್ಷೆಗಳನ್ನು ಮಗುವಿನಂತೆ ಎದೆಗವಚಿಕೊಂಡು ಕೂತಿದ್ದರು.

ಸಭೆಯ ಕೋಣೆಯಲ್ಲಿ ಪರದೆ ಎಳೆದು ಕತ್ತಲು ಮಾಡಿದರು. ಅಧಿಕಾರಿ ನಡುವೆ, ಸುತ್ತ ಒಂದಷ್ಟು ಜನ. ಕೀಬೋರ್ಡಿನ ಮುಂದೆ ನಾನು. ಒಂದು ಕೀಲಿ ಒತ್ತಿದೆ, ಚುಕ್ಕೆಗಳೆಲ್ಲ ಬಣ್ಣ ಬಣ್ಣವಾಗಿ ತೆರೆಯ ಮೇಲೆ ಮೂಡಿದವು. "ನಲ್ಲಾ ಇರುಕ್ಕೇ", ಚೆನ್ನಾಗಿದೆಯಲ್ಲ, ಎಂದು ಯಾರೋ ಹಿಂದಿನಿಂದ ಅಂದರು. ತೀರಾ ಮೇಲಿನ ಒಂದು ಚುಕ್ಕೆಗೆ ಮಾತ್ರ ಯಾವ ಬಣ್ಣವೂ ಇರಲಿಲ್ಲ, ಬೂದು. ಅಧಿಕಾರಿ ಬೆರಳು ತೋರಿಸಿದರು. ಮಾಲೀಕರು ತಡವರಿಸಲಿಲ್ಲ.

"ಅದು ಕಾಡು ಸಾರ್."

ಕಾಡಲ್ಲ, ಊರು ಎಂದು ನನಗೆ ಗೊತ್ತಿತ್ತು. ಏನೋ ಸರಿಯಿಲ್ಲ ಅನ್ನಿಸಿತು. ತೆರೆಯನ್ನು ಪೆನ್ನಾಗರಂ ಕಡೆಗೆ ಸರಿಸಿದೆ. ಚಿಕ್ಕಮ್ಮನ ಊರು ಹಸಿರಾಗಿತ್ತು. ಪಟ್ಟಿಯಲ್ಲಿ ಅದರ ನಂತರ ಬರುವ ಊರು, ಅಲ್ಲಿಂದ ದೂರದಲ್ಲಿ ಬಸ್ಸಿನ ರಸ್ತೆಯ ಮೇಲಿರುವ ದೊಡ್ಡ ಊರು, ಎಂಟನೇ ಕ್ಲಾಸಿನ ಶಾಲೆ ಕೂಗಿದರೆ ಕೇಳುವಷ್ಟು ಹತ್ತಿರವಿರುವ ಊರು, ಕೆಂಪಾಗಿತ್ತು.

ಮಾಲೀಕರ ಕಡೆ ಬಾಗಿ ಪಿಸುಮಾತಿನಲ್ಲಿ, "ಸಾರ್, ಬಣ್ಣ ತಪ್ಪೈತೆ" ಎಂದೆ. ಅವರು ಅಧಿಕಾರಿಯ ಕಡೆ ನಗುಮುಖ ಇಟ್ಟುಕೊಂಡೇ ಹಲ್ಲಿನ ಸಂದಿಯಿಂದ, "ಈಗ ಬೇಡ" ಎಂದರು. ನನಗೆ ತಡೆಯಲಾಗಲಿಲ್ಲ. ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿದೆ, ಈ ಊರು ಕೆಂಪಾಗಬೇಕು, ಇಲ್ಲಿಂದ ಆರನೇ ಕ್ಲಾಸಿಗೆ ಕಾಡು ದಾಟಬೇಕು, ನಾನು ನಡೆದು ನೋಡಿದ್ದೇನೆ ಎಂದು.

ಆಗ ಮಾಲೀಕರು ನಕ್ಕುಬಿಟ್ಟರು. "ಅದು ಈ ಹುಡುಗಿಯ ಚಿಕ್ಕಮ್ಮನ ಊರು ಸಾರ್" ಎಂದರು. "ಪೊಂಗಲ್‌ನಿಂದ ಅದೇ ಜಪ."

ಕೋಣೆಗೆ ಕೋಣೆಯೇ ನಕ್ಕಿತು. ಅಧಿಕಾರಿಯೂ ನಕ್ಕರು, ಮೆತ್ತಗೆ, ಮನೆಯ ಹಿರಿಯರ ಹಾಗೆ. "ಇದಕ್ಕೇ ಅಮ್ಮಾ ಕಂಪ್ಯೂಟರ್ ತರಿಸಿದ್ದು" ಎಂದು ತಮಿಳಿನಲ್ಲಿ ಹೇಳಿದರು. "ಅದಕ್ಕೆ ಚಿಕ್ಕಮ್ಮ ಇಲ್ಲ, ದೊಡ್ಡಮ್ಮ ಇಲ್ಲ."

ನನಗೆ ಆ ಊರು ಗೊತ್ತಿದೆ ಎನ್ನುವುದೇ ನನ್ನ ಮಾತನ್ನು ನಂಬದಿರಲು ಕಾರಣವಾಯಿತು. ಗೊತ್ತಿಲ್ಲದವರು ಆ ಕೋಣೆಯ ತುಂಬ ಇದ್ದರು, ಅವರದು ನ್ಯಾಯ. ನಾನು ಅವಮಾನದಿಂದ ಸುಡುತ್ತ ಕೂತಿದ್ದಂತೆಯೇ ಮಾಲೀಕರು ಪ್ರಿಂಟು ಮಾಡಿದ ನಕ್ಷೆಯನ್ನು ಮೇಜಿನ ಮೇಲೆ ಬಿಚ್ಚಿದರು. ಅದೇ ಬಣ್ಣ, ಅದೇ ತಪ್ಪು. ಅಧಿಕಾರಿ ಪೆನ್ನು ತೆಗೆದು ಮೂಲೆಯಲ್ಲಿ ಸಹಿ ಹಾಕಿದರು.

ಅವರೆಲ್ಲ ಊಟಕ್ಕೆ ಹೋದ ಮೇಲೆ ನಾನು ಕೋಷ್ಟಕವನ್ನು ತೆರೆದೆ. ನೋಡಿದ ಕೂಡಲೇ ಗೊತ್ತಾಯಿತು. ನನ್ನ ಮೊದಲನೆಯ ಸಾಲು ಎರಡನೆಯದಾಗಿತ್ತು. ಅದರ ತಲೆಯ ಮೇಲೆ ಹೊಸದೊಂದು ಸಾಲು ಬಂದು ಕೂತಿತ್ತು. ಆ ಸಾಲಿನಲ್ಲಿ ಏನೂ ಇರಲಿಲ್ಲ, ಶುರುವಿನಲ್ಲಿ 2 ಎಂಬ ಅಂಕಿಯೊಂದನ್ನು ಬಿಟ್ಟರೆ.

ತಮಿಳುನಾಡಿನಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಅಲ್ಲಿ ಏನನ್ನು ಬರೆಯುವ ಮೊದಲೂ ಕಾಗದದ ನೆತ್ತಿಯ ಮೇಲೆ ಒಂದು ಸಣ್ಣ ಸುಳಿ ಬರೆಯುತ್ತಾರೆ, ಪಿಳ್ಳೆಯಾರ್ ಸುಳಿ. ಗಣಪತಿಯ ಗುರುತು. ಕಾಗದ, ಲೆಕ್ಕ, ಪರೀಕ್ಷೆಯ ಉತ್ತರ, ಅಂಗಡಿಯ ಚೀಟಿ, ಯಾವುದೂ ಅದಿಲ್ಲದೆ ಶುರುವಾಗುವುದಿಲ್ಲ. ಸೇಲಂನ ಕನ್ನಡದವರೂ ಮನೆಯೊಳಗೆ ಬರೆದರೆ ಶ್ರೀ, ಹೊರಗೆ ಬರೆದರೆ ಸುಳಿ. ಕೀಬೋರ್ಡಿನಲ್ಲಿ ಸುಳಿ ಇರಲಿಲ್ಲ. ನೋಡಲು ಅದನ್ನೇ ಹೋಲುವ 2 ಇತ್ತು. ಹಿಂದಿನ ಸಂಜೆ ಒಳ್ಳೆಯ ಹೊತ್ತು ನೋಡಿ, ಕೈಕಾಲು ತೊಳೆದು ಬಂದು, ಮಾಲೀಕರು ಕೋಷ್ಟಕದ ಮೇಲೆ ಒಂದು ಸಾಲು ಸೇರಿಸಿ ಪಿಳ್ಳೆಯಾರನ್ನು ಕೂರಿಸಿದ್ದರು. ಅವನು ಕೂತದ್ದೇ ತಡ, ಊರುಗಳೆಲ್ಲ ಒಂದೊಂದು ಸಾಲು ಕೆಳಗೆ ಜರುಗಿ ಕೂತವು. ಮೊದಲ ಚುಕ್ಕೆಗೆ ಗಣಪತಿ ಸಿಕ್ಕ, ಅದು ಬೂದಾಯಿತು. ಎರಡನೆಯ ಊರಿಗೆ ಮೊದಲನೆಯ ಊರಿನ ಲೆಕ್ಕ, ಮೂರನೆಯದಕ್ಕೆ ಎರಡನೆಯದರ ಲೆಕ್ಕ. ಅಕ್ಕಪಕ್ಕದ ಊರುಗಳ ಪಾಡು ಸಾಮಾನ್ಯವಾಗಿ ಒಂದೇ ತರಹ ಇರುವುದರಿಂದ ನಕ್ಷೆ ನೋಡಲು ಚೆನ್ನಾಗಿಯೇ ಇತ್ತು. ಅಲ್ಲೊಂದು ಇಲ್ಲೊಂದು ಊರು ಮಾತ್ರ ಸಿಕ್ಕಿಬಿದ್ದಿತ್ತು, ಅದರಲ್ಲಿ ಇದೊಂದು. ಕೊನೆಯಲ್ಲಿ ಒಂದು ಸಾಲು ಮಿಕ್ಕರೂ ಆ ಸಾಫ್ಟ್‌ವೇರ್ ತುಟಿ ಪಿಟಕ್ಕೆನ್ನಲಿಲ್ಲ.

ಮಾಲೀಕರು ಊಟ ಮುಗಿಸಿ ವೀಳ್ಯ ಜಗಿಯುತ್ತ ಬಂದರು.

"ಇದನ್ನ ಸೇರ್ಸಿದ್ದು ನೀವಾ?"

"ನಾನೇ. ಯಾಕಮ್ಮಾ?"

"ಮುಟ್ಬೇಡಿ ಅಂತ ಬರ್ದು ಅಂಟ್ಸಿದ್ನಲ್ಲಾ ಸಾರ್."

"ಮುಟ್ಟಿದ್ನಾ? ನೀ ಬರ್ದಿದ್ದು ಒಂದ್ ಅಕ್ಷರಾನೂ ಮುಟ್ಲಿಲ್ಲ. ಮೇಲೆ ಸುಳಿ ಆಕ್ದೆ, ಅಷ್ಟೇ. ಸುಳಿ ಇಲ್ದೆ ನಾನು ಒಂದು ಲೆಕ್ಕಾನೂ ಸುರು ಮಾಡ್ದೋನಲ್ಲ. ನಮ್ಮಪ್ಪ ಮಳಿಗೆ ಸಾಮಾನಿನ ಚೀಟಿ ಬರೆದ್ರೂ ಮೇಲೆ ಸುಳಿ. ಇಷ್ಟ್ ದೊಡ್ಡ ಕೆಲಸ, ಬೋಳು ತಲೇಲಿ ಕೊಡ್ಬೋದಾ?"

ನಾನು ಅವರ ಕಣ್ಣೆದುರೇ ಆ ಸಾಲನ್ನು ಅಳಿಸಿ, ನಕ್ಷೆಯನ್ನು ಮತ್ತೆ ಬರೆಸಿದೆ. ಮೇಲಿನ ಬೂದು ಚುಕ್ಕೆಗೆ ಬಣ್ಣ ಬಂತು. ಚಿಕ್ಕಮ್ಮನ ಊರು ಕೆಂಪಾಯಿತು. ಬಸ್ಸಿನ ರಸ್ತೆಯ ಊರು ಹಸಿರಾಯಿತು. ಅವರ ಬಾಯಿ ಜಗಿಯುವುದು ನಿಂತಿತು.

ಅಷ್ಟೊತ್ತಿಗೆ ಅವರಿಗೆ ಅರ್ಥವಾಗಿತ್ತು. ಬ್ಲೂಪ್ರಿಂಟ್ ಅಂಗಡಿ ನಡೆಸಿದವರು, ದಡ್ಡರಲ್ಲ. ಈಗ ಒಳಗೆ ಹೋಗಿ ಹೇಳುತ್ತಾರೆ ಎಂದು ಕಾದೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ಸೈನ್ ಆಗೋಯ್ತಲ್ಲಮ್ಮಾ" ಎಂದರು. ಆಮೇಲೆ, "ಈಗ ಓಗಿ ನಾವ್ ತೋರ್ಸಿದ್ದೆಲ್ಲ ತಪ್ಪು ಅಂದ್ರೆ ನಾಳೆ ನಮ್ಮನ್ನ ಬಾಗ್ಲಲ್ಲಿ ಸೇರಿಸ್ತಾರಾ?" ಎಂದರು. ಕೊನೆಗೆ ದನಿ ತಗ್ಗಿಸಿ, "ಸುಳಿ ಆಕಿದ್ದೇ ತಪ್ಪಾಯ್ತು ಅಂತ ನನ್ ಬಾಯಲ್ಲಿ ಏಳ್ಸ್ತೀಯಾ?" ಎಂದು ಕೇಳಿದರು.

ಪಿಳ್ಳೆಯಾರ್ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅಂದೂ ಇರಲಿಲ್ಲ. ಕಾಗದದ ಮೇಲೆ ಸುಳಿ ಹಾಕಿದರೆ ಕೆಳಗೆ ಬರೆದದ್ದು ತನ್ನ ಜಾಗದಲ್ಲೇ ಇರುತ್ತದೆ. ಅವರಿಗೆ ಗೊತ್ತಿದ್ದದ್ದು ಕಾಗದ. ಅಲ್ಲಿಗೆ ಅದು ತಪ್ಪು, ಬರೀ ತಪ್ಪು. ಯಾರಾದರೂ ಮಾಡಬಹುದಾದದ್ದು. ಆದರೆ ತೆರೆಯ ಮೇಲೆ ಬಣ್ಣ ಬದಲಾದದ್ದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನೆ ಕೂತರಲ್ಲ, ಅದು ತಪ್ಪಲ್ಲ. ಅದಕ್ಕೆ ಬೇರೆ ಹೆಸರು. ದೇವರನ್ನು ಮುಂದೆ ಹಿಡಿದು ತಮ್ಮ ಮುಖ ಉಳಿಸಿಕೊಂಡರು. ತಿರುಗಿ ಬರುವಾಗ ಮಾನಿಟರನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದಿಲ್ಲ ಎಂದೆ. ಅವರೇ ಇಟ್ಟುಕೊಂಡರು.

ಮರುವಾರ ನಾನೊಬ್ಬಳೇ ಬಸ್ಸು ಹತ್ತಿ ಧರ್ಮಪುರಿಗೆ ಹೋದೆ. ತಪ್ಪು ನಕ್ಷೆಯ ಒಂದು ಪ್ರತಿ, ಸರಿಯಾದದ್ದರ ಒಂದು ಪ್ರತಿ, ಎರಡನ್ನೂ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದೆ. ಆ ಅಧಿಕಾರಿ ಮಧ್ಯಾಹ್ನದವರೆಗೂ ಕಾಯಿಸಿ ಒಳಗೆ ಕರೆದರು. ಕೂರಿಸಿದರು, ಕಾಫಿ ತರಿಸಿದರು. ಎರಡು ನಕ್ಷೆಗಳನ್ನೂ ಪಕ್ಕಪಕ್ಕ ಹಾಸಿ ನೋಡಿದರು.

"ಎರಡೂ ಅದೇ ಕಂಪ್ಯೂಟರಿನದಾ?"

"ಹೌದು ಸಾರ್."

"ಲೆಕ್ಕವೂ ಅದೇನಾ?"

"ಅದೇ."

"ಅದೇ ಕಂಪ್ಯೂಟರು, ಅದೇ ಲೆಕ್ಕ, ನಕ್ಷೆ ಮಾತ್ರ ಎರಡು. ನಾಳೆ ಇನ್ನೊಬ್ಬರು ಮೂರನೆಯದು ತಂದರೆ ನಾನೇನಮ್ಮಾ ಮಾಡಲಿ?"

ನಾನು ಸಾಲಿನ ವಿಷಯ ಬಿಡಿಸಿ ಹೇಳಿದೆ. ಚುಕ್ಕೆ, ಸಾಲು, ಸರದಿ, ಸುಳಿ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಒಂದೆರಡು ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದರು. ಕೊನೆಗೆ ಕನ್ನಡಕ ತೆಗೆದು, "ಪುರಿಯುದಮ್ಮಾ" ಎಂದರು. ಅರ್ಥ ಆಯ್ತಮ್ಮಾ ಎಂದು. ನನಗೆ ಜೀವ ಬಂದಂತಾಯಿತು.

"ಆದರೆ ಆರ್ಡರ್ ಹೋಗಿಬಿಟ್ಟಿದೆ" ಎಂದು ಮುಂದುವರಿಸಿದರು. "ಆ ಊರಿನವರಿಗೆ ಹೇಳಿಯೂ ಆಗಿದೆ. ಕೊಟ್ಟದ್ದನ್ನು ಕಿತ್ತುಕೊಳ್ಳಲು ಹೋದರೆ ರಸ್ತೆಗೆ ಅಡ್ಡ ಕೂತು ಬಸ್ಸು ನಿಲ್ಲಿಸುತ್ತಾರೆ. ನಿಮ್ಮ ಊರಿಗೆ ಮುಂದಿನ ವರ್ಷ ನೋಡೋಣ. ಒಂದು ಮನವಿ ಬರೆಸಿಕೊಡಿ."

"ನನ್ನ ಊರು ಸೇಲಂ ಸಾರ್" ಎಂದೆ. "ನಮ್ಮ ಬೀದಿಯಲ್ಲೇ ಹೈಸ್ಕೂಲಿದೆ."

ಅವರು ಅದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಕಾಫಿ ಆರುತ್ತಿದೆ, ಕುಡಿಯಿರಿ ಎಂದರು. ನಾನು ಕುಡಿಯದೆ ಎದ್ದು ಬಂದೆ. ಬೈದು ಅಟ್ಟಿದ್ದರೆ ಎಷ್ಟೋ ವಾಸಿಯಿತ್ತು, ಕೂಗಾಡಿ ಬರಬಹುದಿತ್ತು. ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡು ಅಷ್ಟೇ ಚೆನ್ನಾಗಿ ಕೈ ತೊಳೆದುಕೊಂಡವರ ಮುಂದೆ ಏನು ಕೂಗಾಡುವುದು? ಆ ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟೆ. ಮಾಲೀಕರು ಮನೆಗೆ ಬಂದು ಅಪ್ಪನ ಹತ್ತಿರ, ಹುಡುಗಿಗೆ ಕೋಪ ಜಾಸ್ತಿ ಎಂದು ಹೇಳಿ ಹೋದರು. ಅದು ನಿಜ, ಅವರು ಹೇಳಿದ್ದರಲ್ಲಿ ಅದೊಂದು ನಿಜ.

ಮುಂದಿನ ವರ್ಷ ಎಂದದ್ದು ಇನ್ನೂ ಒಂದಷ್ಟು ವರ್ಷಗಳಿಗೆ ಹೋಯಿತು. ಚಿಕ್ಕಮ್ಮನ ಊರಿನ ಶಾಲೆ ಏರುವ ಹೊತ್ತಿಗೆ ನನ್ನ ತಂಗಿಯ ಓರಗೆಯವರು ಆರನೇ ಕ್ಲಾಸಿನ ಬೆಂಚಿನಲ್ಲಿ ಹಿಡಿಸುವಂತಿರಲಿಲ್ಲ.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಜೂನಿನಲ್ಲಿ ನಾನು ಅಲ್ಲಿಗೆ ಹೋದ ದಿನ. ಶಾಲೆಗಳೆಲ್ಲ ಆಗಷ್ಟೇ ತೆರೆದಿದ್ದವು. ಬಸ್ಸು ಆ ದೊಡ್ಡ ಊರಿನ ಮೇಲೆಯೇ ಹೋಗುತ್ತದೆ. ಶಾಲೆಯ ಪಕ್ಕ ಹೊಸ ಕೋಣೆಗೆಂದು ಜಲ್ಲಿ ಸುರಿದಿದ್ದರು. ಅದರ ಮೇಲೆ ಹತ್ತಿ ಜಾರುತ್ತಿದ್ದ ಮಕ್ಕಳನ್ನು ನೋಡಿ ಮುಖ ತಿರುಗಿಸಿಕೊಂಡೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವಂತೆಯೂ ಇರಲಿಲ್ಲ, ಅದಕ್ಕೂ ಸಿಟ್ಟು ಬಂತು.

ಚಿಕ್ಕಮ್ಮ ಜಗಲಿಯ ಮೇಲೆ ಹುಣಿಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದಳು. ತಂಗಿ ಪಕ್ಕದಲ್ಲಿ ಕೂತು ಬೀಜ ಆರಿಸುತ್ತಿದ್ದಳು. ನಾನು ಬಂದ ಕೂಡಲೇ ಹೇಳಿದೆ, ಇವಳನ್ನು ಸೇಲಂಗೆ ಕರೆದುಕೊಂಡು ಹೋಗುತ್ತೇನೆ, ನಮ್ಮ ಮನೆಯಲ್ಲಿದ್ದು ಓದಲಿ, ಅಮ್ಮನೂ ಒಪ್ಪಿದ್ದಾಳೆ ಎಂದು.

ಚಿಕ್ಕಮ್ಮ ಕೈ ನಿಲ್ಲಿಸಲಿಲ್ಲ. "ಇವಳ ಜೊತೆ ಐದ್ ಮುಗಿಸ್ದೋರು ಇನ್ನೂ ಐದಾರು ಎಣ್ ಐಕ್ಳು ಅವೆ. ಅವರ್ನೂ ಕರ್ಕೊಂಡ್ ಓಯ್ತೀಯಾ?"

ನಾನು ಅವಳ ಪಕ್ಕ ಕೂತು ಒಂದು ಹಿಡಿ ಬೀಜ ಮುಂದಕ್ಕೆ ಎಳೆದುಕೊಂಡೆ.

"ಇವಳೊಬ್ಬಳನ್ನ ಕಳಿಸ್ಬುಟ್ಟು ನಾನು ಅವರವ್ವಂದಿರ ಮುಖ ಎಂಗ್ ನೋಡ್ಲಿ? ಊರಿಗೆ ಬತ್ತದೆ ಅಂತ ಪೊಂಗಲ್‌ನಲ್ಲಿ ಊರಿಗೆಲ್ಲ ಏಳ್ಕೊಂಡ್ ಬಂದೋಳು ನಾನೇ." ಆಮೇಲೆ ತಲೆ ಎತ್ತಿ ಕೇಳಿದಳು, "ಕೆಂಪಾಗೈತೆ ಅಂದಿದ್ದೆಯಲ್ಲಾ, ಏನಾಯ್ತವ್ವಾ ಅದು?"

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಏನಾಯಿತೆಂದು ತಿಳಿದುಕೊಳ್ಳಬೇಕಿತ್ತು, ಅಷ್ಟೇ. ತಂಗಿಯೂ ಬೀಜ ಆರಿಸುವುದನ್ನು ಬಿಟ್ಟು ನನ್ನನ್ನು ನೋಡಿದಳು. ನಾನು ಜಗಲಿಯ ಮೇಲೆ ಹುಣಿಸೆ ಬೀಜಗಳನ್ನು ಉದ್ದಕ್ಕೆ ಒಂದು ಸಾಲು ಜೋಡಿಸಿದೆ. ಇವು ಊರುಗಳು ಎಂದೆ. ಪಕ್ಕದಲ್ಲಿ ಇನ್ನೊಂದು ಸಾಲು ಜೋಡಿಸಿದೆ. ಇವು ಆ ಊರುಗಳ ಲೆಕ್ಕ, ಎದುರುಬದುರು ಇರುವವು ಜೋಡಿ. ಇದು ನಿಮ್ಮ ಊರು, ಇದು ನಿಮ್ಮ ಲೆಕ್ಕ. ಆಮೇಲೆ ಎರಡನೆಯ ಸಾಲಿನ ತಲೆಯಲ್ಲಿ ಇನ್ನೊಂದು ಬೀಜ ಇಟ್ಟು, ಸಾಲನ್ನೆಲ್ಲ ಒಂದೊಂದು ಬೀಜದಷ್ಟು ಕೆಳಗೆ ತಳ್ಳಿದೆ. ಇದು ಪಿಳ್ಳೆಯಾರ್ ಸುಳಿ ಎಂದೆ. ಈಗ ನಿಮ್ಮ ಲೆಕ್ಕ ಕೆಳಗಿನ ಊರಿನ ಎದುರು ಹೋಯಿತು, ನೋಡಿ.

ಚಿಕ್ಕಮ್ಮ ಬಗ್ಗಿ ನೋಡಿದಳು. ತಂಗಿ ಸ್ವಲ್ಪ ಹೊತ್ತು ಎರಡೂ ಸಾಲುಗಳನ್ನು ಕಣ್ಣಲ್ಲೇ ಅಳೆದಳು. ಆಮೇಲೆ ಕೈ ಚಾಚಿ ತಲೆಯ ಬೀಜವನ್ನು ಎತ್ತಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಬೆರಳ ತುದಿಯಿಂದ ಮೇಲಕ್ಕೆ ಸರಿಸಿದಳು.

"ಇಷ್ಟೇ ಅಲ್ವಾ ಅಕ್ಕಾ?"

"ಇಷ್ಟೇ."

"ಮತ್ತೆ ಅವರ್ಗೆ ಇದು ತಿಳೀಲಿಲ್ವಾ?"

"ತಿಳೀತು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಇನ್ನೇನಾದರೂ ಹೇಳುತ್ತೇನೆಂದು ಕಾದಳು. ಆಮೇಲೆ ಬೀಜಗಳನ್ನೆಲ್ಲ ಬಳಿದು ಮೊರಕ್ಕೆ ಹಾಕಿ, ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು ಆಡು ಬಿಚ್ಚಲು ಹೋದಳು.